ಬಡಗಿಯಾಗಿದ್ದರೂ

ಜರ್ಮನಿಯ ಡ್ರೆಸ್ಡೆನ್ ನಗರದ ಫ್ರೌವೆನ್‌ಕಿರ್ಶೆ ಎಂಬ ಇಗರ್ಜಿಯ ಚಿತ್ರ ತೋರಿಸುತ್ತ ಗೆಳೆಯರೊಬ್ಬರು, ‘ಬಡಗಿಯಾಗಿದ್ದರೂ ಎಂಥ ಕಲ್ಲಿನ ಗುಮ್ಮಟ ಕಟ್ಟಿದ್ದಾನೆ ನೋಡಿ’ ಎಂದರು. ಹೊಗಳಿಕೆಯ ಮಾತೇ. ಆದರೆ ಆ ‘ರೂ’ ಎಂಬುದು ಸಿಬಿರಿನ ಹಾಗೆ ನನ್ನೊಳಗೆ ನಾಟಿಕೊಂಡಿತು.

ಅದನ್ನು ಕಟ್ಟಿದ ಜಾರ್ಜ್ ಬೇರ್ 1666ರಲ್ಲಿ ಸ್ಯಾಕ್ಸನಿಯ ಹಳ್ಳಿಯೊಂದರಲ್ಲಿ ನೇಕಾರನ ಮಗನಾಗಿ ಹುಟ್ಟಿದವನು. 1705ರಲ್ಲಿ ಡ್ರೆಸ್ಡೆನ್‌ನ ನಗರಸಭೆ ಅವನನ್ನು ತನ್ನ ಮುಖ್ಯ ಬಡಗಿಯಾಗಿ ನೇಮಿಸಿಕೊಂಡಿತು. ಇಗರ್ಜಿಯ ಅಡಿಗಲ್ಲು ಬಿದ್ದದ್ದು 1726ರಲ್ಲಿ. ಗುಮ್ಮಟವನ್ನು ಮರದಲ್ಲಿ ಕಟ್ಟಿ ತಾಮ್ರ ಹೊದಿಸುವುದೆಂದು ಮೊದಲು ಲೆಕ್ಕ ಹಾಕಿದ್ದರು. ಮರದ ಕಸುಬಿನವನಿಗೆ ಅದೇ ಸುಲಭದ ದಾರಿ. ಬೇರ್ ಅದನ್ನು ಬಿಟ್ಟು ಮರಳುಗಲ್ಲೇ ಆಗಬೇಕೆಂದು ಹಟ ಹಿಡಿದ. ಸುಮಾರು 12,000 ಟನ್ ಭಾರ!

ಇಷ್ಟು ಧೈರ್ಯ ಎಲ್ಲಿಂದ ಬಂತು? ಭಾರ ಯಾವ ದಾರಿ ಹಿಡಿದು ನೆಲಕ್ಕಿಳಿಯುತ್ತದೆ ಎಂಬುದೇ ಬಡಗಿಯ ವಿದ್ಯೆ. ತೊಲೆ, ಜಂತೆ, ಕಂಬ ಕೂಡಿಸುವಾಗ ದಿನವೂ ಅವನು ಮಾಡುವುದು ಅದನ್ನೇ. ಕಲ್ಲೆತ್ತುವ ಅಟ್ಟಣಿಗೆಯೂ ಅವನದೇ ಕೆಲಸ.

ಅವನು ತಪ್ಪೇ ಮಾಡಲಿಲ್ಲವೆಂದು ನಾನು ವಾದಿಸುವುದಿಲ್ಲ. ಒಳಗಿನ ಕಂಬಗಳ ಮೇಲೆ ಭಾರ ಹೆಚ್ಚಾಯಿತು, ಬಿರುಕು ಬಂತು. ಆಸ್ಥಾನದ ವಾಸ್ತುಶಿಲ್ಪಿ ಕಿಯಾವೇರಿ, ಗುಮ್ಮಟ ಇಳಿಸಿಬಿಡಿ ಎಂದ. 1738ರಲ್ಲಿ ಬೇರ್ ತೀರಿಕೊಂಡ. ಇಗರ್ಜಿ ಮುಗಿದದ್ದು 1743ರಲ್ಲಿ. ಸರಿ, ರೋಮಿನಲ್ಲಿ ಸಂತ ಪೇತ್ರರ ಇಗರ್ಜಿಯ ಗುಮ್ಮಟವೂ ಬಿರುಕು ಬಿಟ್ಟಿತ್ತಲ್ಲ? 1740ರ ದಶಕದಲ್ಲಿ ಅದಕ್ಕೆ ಕಬ್ಬಿಣದ ಬಳೆ ತೊಡಿಸಬೇಕಾಯಿತು. ‘ಶಿಲ್ಪಿಯಾಗಿದ್ದರೂ’ ಎಂದು ಮೈಕೆಲೇಂಜಲೋನ ಬಗ್ಗೆ ಯಾರೂ ರಾಗ ಎಳೆಯುವುದಿಲ್ಲ. ದೊಡ್ಡವರ ಬಿರುಕು ಲೆಕ್ಕದ ತಪ್ಪು. ಬಡಗಿಯ ಬಿರುಕು ಮಾತ್ರ ಅವನ ಹುಟ್ಟಿನ, ಕಸುಬಿನ ತಪ್ಪು!

1760ರಲ್ಲಿ ಪ್ರಷ್ಯದ ಫಿರಂಗಿಗಳಿಗೂ ಆ ಗುಮ್ಮಟ ಜಗ್ಗಲಿಲ್ಲ. 1945ರ ಫೆಬ್ರವರಿಯಲ್ಲಿ ಬಾಂಬು ದಾಳಿಯ ಬೆಂಕಿಗೆ ಕಂಬಗಳು ಕಾದು ಸೋತ ಮೇಲೆ, 15ರಂದು ಕುಸಿಯಿತು. 1994ರಿಂದ 2005ರವರೆಗೆ ಅದನ್ನು ಮತ್ತೆ ಕಟ್ಟಿದ ಎಂಜಿನಿಯರುಗಳ ಬಳಿ ಕಂಪ್ಯೂಟರುಗಳಿದ್ದವು. ಭಾರ ಹಂಚುವುದಕ್ಕೆ ಬೇಕಾದ ತಿದ್ದುಪಡಿಗಳನ್ನು ಮಾಡಿಕೊಂಡರು. ಗುಮ್ಮಟವನ್ನು ಮಾತ್ರ ಬಡಗಿ ಹೇಳಿದ ಕಲ್ಲಿನಲ್ಲೇ ಕಟ್ಟಿದರು.

ಗೆಳೆಯರನ್ನು ನಾನು ಕೇಳಿಕೊಳ್ಳುವುದಿಷ್ಟೆ. ಮುಂದೆ ಯಾರಿಗಾದರೂ ಆ ಚಿತ್ರ ತೋರಿಸುವಾಗ ‘ಬಡಗಿಯಾಗಿದ್ದರಿಂದ’ ಎನ್ನಿ.