ನಮ್ಮ ಮೊಬೈಲಿನಲ್ಲಿ ತೆರೆಯದ ವೆಬ್‌ಸೈಟ್ ಯಾರಿಗಾಗಿ?

ಕಲ್ಲಡ್ಕದವರು ಕಾಗದಪತ್ರಕ್ಕಾಗಿ ಬಿ.ಸಿ. ರೋಡಿಗೆ ಬಸ್ಸು ಹತ್ತುವುದು ತಪ್ಪಲಿ ಎಂದೇ ಸರಕಾರದ ಸೇವೆಗಳು ಆನ್‌ಲೈನ್ ಆದದ್ದು. ಆರ್‌ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಇ-ಶ್ರಮ್ ಕಾರ್ಡು, ಬೀಡಿ ಕಟ್ಟುವವರ ಮಕ್ಕಳ ವಿದ್ಯಾರ್ಥಿವೇತನ, ಎಲ್ಲದಕ್ಕೂ ಈಗ ವೆಬ್‌ಸೈಟ್ ಇದೆ. ಆದರೆ ಆ ಪುಟ ಮೊಬೈಲಿನಲ್ಲಿ ಸರಿಯಾಗಿ ತೆರೆಯದಿದ್ದರೆ ಮತ್ತೆ ಬಸ್ಸೇ ಗತಿ. ವ್ಯತ್ಯಾಸ ಇಷ್ಟೇ, ಈ ಸಲ ತಾಲೂಕು ಕಚೇರಿಗಲ್ಲ, ಸೈಬರಿಗೆ. ಬಸ್ಸಿನ ಹಣ ಹೋಯಿತು, ಸೈಬರಿನ ಹಣ ಹೋಯಿತು, ಆ ದಿನ ಕಟ್ಟಬೇಕಿದ್ದ ಬೀಡಿಯೂ ಹೋಯಿತು.

ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಮೊದಲು ಗಣ್ಯರ ಫೋಟೋಗಳು ಒಂದರ ಹಿಂದೆ ಒಂದು ಜಾರುತ್ತವೆ. ಅದರ ಮೇಲೊಂದು ಪ್ರಕಟಣೆಯ ಪೆಟ್ಟಿಗೆ ಬಂದು ಕೂರುತ್ತದೆ, ಅದನ್ನು ಮುಚ್ಚುವ ಗುರುತು ಪರದೆಯ ಆಚೆ ಇರುತ್ತದೆ. ಅರ್ಜಿ ತುಂಬಿ ಮುಗಿಸಿದರೆ ‘ಸಲ್ಲಿಸಿ’ ಬಟನ್ ಕಾಣುವುದಿಲ್ಲ. ಕಂಡು ಒತ್ತುವಷ್ಟರಲ್ಲಿ ಸಮಯ ಮುಗಿಯಿತು, ಮೊದಲಿನಿಂದ ತುಂಬಿ ಎನ್ನುತ್ತದೆ. ಆಗ ನಮ್ಮವರು ಹೇಳುವುದು ಒಂದೇ ಮಾತು: ‘ನಮಗೆ ಇದೆಲ್ಲ ಬರುವುದಿಲ್ಲ ಮಾರಾಯ್ರೆ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಮೊಬೈಲಿನಲ್ಲಿ ವಾಟ್ಸಾಪ್ ನಡೆಯುತ್ತದೆ, ಅಂಗಡಿಯ ಹಣ ಪಾವತಿಯಾಗುತ್ತದೆ. ಬಳಸುವವರಿಗೆ ಬರುವುದಿಲ್ಲ ಎಂದಲ್ಲ, ಪುಟ ಮಾಡಿದವರು ಬಳಸುವವರನ್ನು ನೆನಪಿಟ್ಟುಕೊಂಡಿಲ್ಲ.

ವೆಬ್‌ಸೈಟಿಗೂ ನಿಯಮಗಳಿವೆ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರೇ 1994ರಲ್ಲಿ ಡಬ್ಲ್ಯೂ3ಸಿ ಎಂಬ ಸಂಸ್ಥೆ ಕಟ್ಟಿದರು. ಯಾವ ಕಂಪನಿಯ ಬ್ರೌಸರ್ ಆದರೂ ಒಂದೇ ಪುಟವನ್ನು ಸರಿಯಾಗಿ ತೋರಿಸಬೇಕು ಎಂಬುದಕ್ಕಾಗಿ ಇರುವ ಮಾನಕಗಳು ಅಲ್ಲಿಂದ ಬರುತ್ತವೆ. ಮಾನಕದಿಂದ ಏನು ಲಾಭ ಎಂದು ಕೇಳಿದರೆ ಕನ್ನಡವೇ ಉತ್ತರ. ಹಿಂದೆ ಒಂದೊಂದು ಸೈಟಿಗೆ ಒಂದೊಂದು ಫಾಂಟ್ ಬೇಕಿತ್ತು. ಅದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಎಲ್ಲರೂ ಯುನಿಕೋಡ್ ಎಂಬ ಒಂದೇ ಲೆಕ್ಕಕ್ಕೆ ಬಂದ ಮೇಲೆ ಕಲ್ಲಡ್ಕದಲ್ಲಿ ಬರೆದ ಕನ್ನಡವನ್ನು ದುಬೈಯಲ್ಲಿರುವ ಮಗ ಯಾವ ಫೋನಿನಲ್ಲಾದರೂ ಓದುತ್ತಾನೆ.

ಒಂದೇ ಬ್ರೌಸರನ್ನು ನಂಬಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನೋಡಿ’ ಎಂದು ಎಷ್ಟೋ ಸೈಟುಗಳು ಬರೆದುಕೊಂಡಿದ್ದವು. ನಮ್ಮ ಆಂಡ್ರಾಯ್ಡ್ ಫೋನಿಗೆ ಆ ಬ್ರೌಸರ್ ಬಂದದ್ದೇ ಇಲ್ಲ. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಕೂಡ ಅದರ ಕೊನೆಯ ಆವೃತ್ತಿಯ ಕೈಬಿಟ್ಟಿತು.

ಇನ್ನು ತೂಕದ ಲೆಕ್ಕ. ನೀವು ಓದುತ್ತಿರುವ ಈ ಬರಹದ ಅಕ್ಷರಗಳು 20 ಕೆಬಿ ದಾಟುವುದಿಲ್ಲ. ದೊಡ್ಡ ಫೋಟೋ, ಜಾರುವ ಚಿತ್ರ ತುಂಬಿದ ಪುಟ ಸುಲಭವಾಗಿ 4 ಎಂಬಿ ಆಗುತ್ತದೆ. ರೇಂಜ್ ಕುಸಿದು ಸೆಕೆಂಡಿಗೆ 100 ಕಿಲೋಬಿಟ್ ಮಾತ್ರ ಬರುವ ಜಾಗದಲ್ಲಿ ಈ ಬರಹಕ್ಕೆ ಒಂದೆರಡು ಸೆಕೆಂಡ್ ಸಾಕು, ಆ ಪುಟಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಕು.

ನಮ್ಮೂರಿನ ಕೆ.ಟಿ. ನೋಡಿ. ಗ್ಲಾಸಿನಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಎರಡೂ ಬೇರೆ ಬೇರೆ ಕಾಣುತ್ತವೆ. ಒಳ್ಳೆಯ ಪುಟವೂ ಹಾಗೆಯೇ. ಕೆಳಗೆ ಮಾಹಿತಿ ಮತ್ತು ಅರ್ಜಿ, ಮೇಲೆ ಬಣ್ಣ ಮತ್ತು ಸಿಂಗಾರ. ಮೇಲಿನದು ಬಾರದಿದ್ದರೂ ಕೆಳಗಿನದು ಸಿಗಬೇಕು. ಈಗ ಸಿಂಗಾರ ಪೂರ್ತಿ ಬಂದು ಇಳಿಯುವವರೆಗೆ ಮಾಹಿತಿಯೇ ಇಲ್ಲ.

ಭದ್ರತೆ ಬೇಡವೇ ಎಂದು ಕೇಳಬಹುದು. ಬೇಕು. ಒಟಿಪಿಗೆ ನನ್ನ ತಕರಾರಿಲ್ಲ, ಜಾರುವ ಫೋಟೋದಿಂದ ಯಾವ ಭದ್ರತೆಯೂ ಇಲ್ಲ. ಆ್ಯಪ್ ಹಾಕಿಕೊಳ್ಳಿ ಎನ್ನುವವರೂ ಇದ್ದಾರೆ. ಇಲಾಖೆಗೊಂದು ಆ್ಯಪ್ ಹಾಕಲು ಹಳೆಯ ಫೋನಿನಲ್ಲಿ ಜಾಗವೆಲ್ಲಿದೆ?

ನಾವು ಕೇಳುತ್ತಿರುವುದು ದಾನವನ್ನಲ್ಲ. ಭಾರತ ಸರಕಾರದ ವೆಬ್‌ಸೈಟುಗಳಿಗೆ 2009ರಿಂದಲೇ ಮಾರ್ಗಸೂಚಿ ಇದೆ, ಅದರ ಮೂರನೇ ಆವೃತ್ತಿ 2023ರಲ್ಲಿ ಬಂತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೂ ಇದೆ. ಸೂಚನೆಯನ್ನು ಚಿತ್ರ ಮಾಡಿ ಹಾಕಿದರೆ ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲು ಕಷ್ಟಪಡುತ್ತದೆ. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಅಂಗವಿಕಲರ ಜೊತೆಗೆ ಹಳ್ಳಿಯವರು, ಹಿರಿಯರು ಹೊರಗುಳಿಯುತ್ತಿರುವುದನ್ನೂ ಅದು ಗುರುತಿಸಿತು.

ಹಾಗಾಗಿ ಸರಕಾರಿ ಸೈಟು ಸಿದ್ಧವಾದ ಮೇಲೆ ಉದ್ಘಾಟನೆಗೆ ಮುಂಚೆ ಒಂದು ಪರೀಕ್ಷೆ ಆಗಲಿ. ಬೆಂಗಳೂರಿನ ಕಚೇರಿಯ ದೊಡ್ಡ ಪರದೆಯಲ್ಲಿ ಅಲ್ಲ, ಅಗ್ಗದ ಫೋನಿನಲ್ಲಿ, ರೇಂಜ್ ಕಡಿಮೆ ಇರುವ ಊರಿನಲ್ಲಿ, ಅರ್ಜಿ ಹಾಕಬೇಕಾದವರ ಕೈಯಲ್ಲೇ.

ನಾವೂ ಸುಮ್ಮನಿರುವುದು ಬೇಡ. ಮುಂದಿನ ಸಲ ಪುಟ ಕೈಕೊಟ್ಟಾಗ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಯಾವ ಫೋನು, ಯಾವ ಬ್ರೌಸರ್, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಸರಕಾರಿ ಸೈಟಿನಲ್ಲಿ ‘ವೆಬ್ ಮಾಹಿತಿ ವ್ಯವಸ್ಥಾಪಕ’ರ ಹೆಸರು, ವಿಳಾಸ ಇರಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಅವರಿಗೆ ಕಳಿಸಿ. ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆ ಇದನ್ನೂ ಎತ್ತಿ. ರಸ್ತೆಯಲ್ಲಿ ಹೊಂಡ ಇದ್ದರೆ ನಮಗೆ ನಡೆಯಲು ಬರುವುದಿಲ್ಲ ಎಂದು ನಾವು ಯಾವತ್ತೂ ಹೇಳಿಲ್ಲವಲ್ಲ.