ಮೊಂಬಾಸಾದಲ್ಲಿ ಎಲ್ಲಿ ಉಳಿಯೋಣ?

ಕೆನ್ಯಾದ ಮೊಂಬಾಸಾಕ್ಕೆ ಹೊರಟಿದ್ದೇನೆ ಎಂದಾಗ ನೈರೋಬಿಯಲ್ಲಿರುವ ಪರಿಚಯದವರಿಂದ ಎರಡು ಬಗೆಯ ಬುದ್ಧಿವಾದ ಬಂತು. ‘ಓಲ್ಡ್ ಟೌನಿನಲ್ಲೇ ಉಳಿದುಕೊಳ್ಳಿ, ಮರಳು, ಸಮುದ್ರ ಎಲ್ಲ ನಿಮ್ಮೂರಲ್ಲೇ ಇಲ್ಲವೇ?’ ಎಂದರು ಒಬ್ಬರು. ‘ಆ ಗಲ್ಲಿಗಳನ್ನು ಅರ್ಧ ದಿನ ಸುತ್ತಿದರೆ ಮುಗೀತು, ಸೀದಾ ಡಿಯಾನಿ ಬೀಚಿಗೆ ಹೋಗಿಬಿಡಿ’ ಎಂದರು ಇನ್ನೊಬ್ಬರು. ಇಬ್ಬರೂ ಆ ದೇಶದಲ್ಲಿ ವರ್ಷಗಟ್ಟಲೆ ಬಾಳಿದವರು. ಯಾರ ಮಾತನ್ನೂ ತಳ್ಳಿಹಾಕುವ ಧೈರ್ಯವಾಗದೆ ಮೂರು ರಾತ್ರಿ ಓಲ್ಡ್ ಟೌನಿಗೆ, ನಾಲ್ಕು ರಾತ್ರಿ ಡಿಯಾನಿಗೆ ಎಂದು ಹಂಚಿಬಿಟ್ಟೆ. ಹಾಗಾಗಿ ಎರಡೂ ಕಡೆಯ ವಕಾಲತ್ತು ವಹಿಸಲು ನನಗೆ ಕೊಂಚ ಹಕ್ಕಿದೆ.

ಮೊಂಬಾಸಾದ ಮೂಲ ಊರು ಒಂದು ದ್ವೀಪ. ಉತ್ತರಕ್ಕೆ 1980ರಲ್ಲಿ ಕಟ್ಟಿದ ನ್ಯಾಲಿ ಸೇತುವೆ. ದಾಟಿದರೆ ನ್ಯಾಲಿ, ಬಂಬೂರಿ, ಶಾಂಜು ಎಂದು ಬೀಚುಗಳ ಸಾಲು. ಪಶ್ಚಿಮಕ್ಕೆ ವಿಮಾನ ನಿಲ್ದಾಣ, ಬಂದರಿನ ಕಂಟೇನರ್ ಲಾರಿಗಳು, 2017ರಲ್ಲಿ ಶುರುವಾದ ನೈರೋಬಿ ರೈಲಿನ ಕೊನೆಯ ನಿಲ್ದಾಣ. ದಕ್ಷಿಣಕ್ಕೆ ಮಾತ್ರ ಸೇತುವೆಯಿಲ್ಲ. ಹಡಗುಗಳು ಬಂದರಿನೊಳಗೆ ನುಗ್ಗುವ ದಾರಿ ಅದು. ಜನ, ವಾಹನ ಎಲ್ಲ ಲಿಕೋನಿ ಫೆರಿಯಲ್ಲೇ ದಾಟಬೇಕು. ಆಚೆ ದಡದಿಂದ ಸುಮಾರು ಮೂವತ್ತು ಕಿಲೋಮೀಟರ್ ಹೋದರೆ ಡಿಯಾನಿ. ಮೊಬೈಲಿನ ಮ್ಯಾಪಿನಲ್ಲಿ ಎಲ್ಲವೂ ಅಂಗೈಯಗಲದೊಳಗೆ ಕಾಣುತ್ತದೆ. ‘ಬೀಚಿನಲ್ಲಿ ಉಳಿದು ದಿನಾ ಊರು ನೋಡಿ ಬರೋಣ’ ಎನ್ನುವ ಲೆಕ್ಕಾಚಾರ ಹುಟ್ಟುವುದೇ ಅಲ್ಲಿ, ತಪ್ಪುವುದು ಫೆರಿಯ ಗೇಟಿನ ಮುಂದೆ.

ಫೆರಿಗೆ ಕಾಲ್ನಡಿಗೆಯವರಿಂದ ಕಾಸು ಕೇಳುವುದಿಲ್ಲ. ಗೇಟು ತೆರೆದ ಕೂಡಲೇ ಶಾಲೆಯ ಮಕ್ಕಳು, ಕೋಳಿ ಬುಟ್ಟಿ ಹೊತ್ತವರು, ಇಸ್ತ್ರಿ ಹಾಕಿದ ಅಂಗಿಯ ಗುಮಾಸ್ತರು ಎಲ್ಲ ಒಟ್ಟಿಗೆ ಇಳಿಜಾರಿನಲ್ಲಿ ಓಡುತ್ತಾರೆ. ದಾಟುವುದಕ್ಕೆ ಕೆಲವೇ ನಿಮಿಷ. ಕಾಯುವುದಕ್ಕೆ ಅವತ್ತಿನ ಅದೃಷ್ಟ. ಈ ನೀರಿನ ಚರಿತ್ರೆಯೂ ಹಗುರವಾದದ್ದಲ್ಲ. 1994ರಲ್ಲಿ ಹತ್ತಿರದ ಮ್ಟೊಂಗ್ವೆಯ ಫೆರಿ ಮಗುಚಿ 272 ಜನ ಸತ್ತರು. 2019ರಲ್ಲಿ ಲಿಕೋನಿಯ ಫೆರಿಯಿಂದ ಕಾರೊಂದು ಹಿಂದಕ್ಕೆ ಜಾರಿ ತಾಯಿ, ಮಗಳ ಸಮೇತ ಮುಳುಗಿತು. ಈಗ ಡೊಂಗೊ ಕುಂಡು ಬೈಪಾಸ್ ಬಂದಿರುವುದರಿಂದ ವಿಮಾನ ನಿಲ್ದಾಣದಿಂದ ದಕ್ಷಿಣ ಕರಾವಳಿಗೆ ಫೆರಿ ಹತ್ತದೆಯೂ ಹೋಗಬಹುದು. ಆದರೆ ಓಲ್ಡ್ ಟೌನಿಗೆ ಹೋಗಿಬರುವವನಿಗೆ ಅದು ದೊಡ್ಡ ಸುತ್ತು. ಡಿಯಾನಿಯಲ್ಲಿ ಮಲಗುವವನ ಕೈಗೆ ಊರು ದಕ್ಕುವುದಿಲ್ಲ. ದಕ್ಕಿದರೂ ಒಂದು ದಿನ, ಅದೂ ಗಡಿಯಾರ ನೋಡಿಕೊಂಡು.

ಹಾಗಾದರೆ ಓಲ್ಡ್ ಟೌನಿನಲ್ಲಿ ಅಂಥದ್ದೇನಿದೆ? ಮೊದಲನೆಯದು ಫೋರ್ಟ್ ಜೀಸಸ್. ಪೋರ್ಚುಗೀಸರು 1593ರಲ್ಲಿ ಹವಳದ ಕಲ್ಲಿನಲ್ಲಿ ಕಟ್ಟಲು ತೊಡಗಿದ ಕೋಟೆ. 1696ರಲ್ಲಿ ಮುತ್ತಿಗೆ ಹಾಕಿದ ಒಮಾನಿ ಅರಬರು ಮೂವತ್ಮೂರು ತಿಂಗಳು ಕಾದು ಗೆದ್ದರು. ಬ್ರಿಟಿಷರು ಅದನ್ನೇ ಜೈಲು ಮಾಡಿಕೊಂಡರು. ಒಳಗಿನ ಮ್ಯೂಸಿಯಮ್ಮಿನಲ್ಲಿ ಮುತ್ತಿಗೆಯ ಕಾಲದಲ್ಲಿ ಇಲ್ಲೇ ಮುಳುಗಿದ ಪೋರ್ಚುಗೀಸ್ ಹಡಗಿನ ಸಾಮಾನುಗಳಿವೆ; ಆ ಹಡಗು ಕಟ್ಟಿದ್ದು ನಮ್ಮ ವಸಾಯಿಯಲ್ಲಿ. ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಮಾತ್ರ ಒಂದು ಗೋಡೆ. ಕಾವಲಿನ ಬೇಸರಕ್ಕೋ ಏನೋ, ಸಿಪಾಯಿಗಳೂ ನಾವಿಕರೂ ಗಾರೆಯ ಮೇಲೆ ಹಡಗು, ಮೀನು, ಮನುಷ್ಯರ ಚಿತ್ರ ಗೀಚಿಟ್ಟಿದ್ದಾರೆ. ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತವರೆಲ್ಲ ಬಲ್ಲ ಚಿತ್ರಕಲೆ ಅದು.

ಇಷ್ಟನ್ನು ಬೀಚಿನಿಂದ ಬಂದ ಪ್ರವಾಸಿಯೂ ನೋಡುತ್ತಾನೆ. ಅವನಿಗೆ ಸಿಗದ್ದು ಬೆಳಿಗ್ಗೆ ಆರೂವರೆಯ ಗಲ್ಲಿ. ಕೆತ್ತನೆಯ ಬಾಗಿಲುಗಳ ಮುಂದೆ ಹೆಂಗಸರು ಬಾಣಲೆ ಇಟ್ಟುಕೊಂಡು ಮಹಾಂಬ್ರಿ ಕರಿಯುತ್ತಿರುತ್ತಾರೆ: ತೆಂಗಿನಹಾಲು, ಏಲಕ್ಕಿ ಹಾಕಿ ನಾದಿದ ಹಿಟ್ಟು, ಉಬ್ಬಿ ಬಂದರೆ ಮಂಗಳೂರು ಬನ್ಸಿನ ದಾಯಾದಿ. ಜೊತೆಗೆ ಎಂಬಾಜಿ, ಅಂದರೆ ತೆಂಗಿನಹಾಲಿನಲ್ಲಿ ಬೇಯಿಸಿದ ತೊಗರಿಕಾಳು. ಬಾಗಿಲಿನೊಳಗೆ ಇಣುಕಿದಾಗ ಒಬ್ಬಾಕೆ ಮಡಚುವ ಪುಟ್ಟ ಮಣೆಯ ಮೇಲೆ ಕೂತು, ಅದರ ಮುಂದೆ ಚಾಚಿದ ಹಲ್ಲಿನ ಅಲಗಿಗೆ ತೆಂಗಿನಕಡಿ ಒತ್ತಿ ತುರಿಯುತ್ತಿದ್ದಳು. ಥೇಟು ನಮ್ಮ ಹೆರೆಮಣೆ! ಸ್ವಾಹಿಲಿಯಲ್ಲಿ ಅದರ ಹೆಸರು ಎಂಬೂಜಿ, ಅಂದರೆ ಆಡು. ಆ ಕತ್ತು ನೀಡಿದ ಭಂಗಿ ನೋಡಿದರೆ ಹೆಸರು ಸರಿಯಾಗಿಯೇ ಇದೆ. ಗಾಡಿಗೆ ಅಲ್ಲಿ ‘ಗಾರಿ’, ವಿಮೆಗೆ ‘ಬಿಮಾ’, ಬಂದರಿಗೆ ‘ಬಂದಾರಿ’. ಈ ತೀರದ ಮೇಲೆ ಹಾಯಿ ಹಡಗುಗಳು ತಂದಿಳಿಸಿದ ಸರಕಿನಲ್ಲಿ ಮಾತುಗಳೂ ಇದ್ದವು, ಮುಂದೆ ಮಂಗಳೂರು ಹೆಂಚೂ ಬಂತು.

ಗಡಿಯಾರದ ವಿಷಯದಲ್ಲಿ ನಾನು ಪೆಟ್ಟು ತಿಂದೆ. ಹಳೇ ಬಂದರಿನಿಂದ ಅಳಿವೆ ಸುತ್ತಿಸಲು ಒಪ್ಪಿದ ದೋಣಿಯವನು ‘ಸಾ ತಾತು’ ಎಂದಿದ್ದ. ತಾತು ಅಂದರೆ ಮೂರು ಎಂದು ಗೊತ್ತಿತ್ತು. ಮರುದಿನ ಮಧ್ಯಾಹ್ನ ಮೂರಕ್ಕೆ ಟೋಪಿ ಹಾಕಿಕೊಂಡು ಹೋದೆ. ಆತ ನನಗಾಗಿ ಕಾದು ಹೋಗಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಸ್ವಾಹಿಲಿ ಲೆಕ್ಕದಲ್ಲಿ ದಿನ ಶುರುವಾಗುವುದು ಬೆಳಕು ಹರಿದ ಮೇಲೆ. ಏಳು ಗಂಟೆಯೆಂದರೆ ಮೊದಲ ಗಂಟೆ, ಒಂಬತ್ತೆಂದರೆ ಮೂರು. ಪಂಚಾಂಗದ ಗಳಿಗೆಯನ್ನು ಸೂರ್ಯೋದಯದಿಂದ ಎಣಿಸುವ ನಾಡಿನವನಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಇನ್ನು ಓಲ್ಡ್ ಟೌನಿನ ವಿರುದ್ಧದ ವಾದ. ಅದು ಸಣ್ಣದೇನಲ್ಲ. ಅಲ್ಲಿರುವುದು ದೊಡ್ಡ ಹೋಟೆಲುಗಳಲ್ಲ, ಹಳೆಯ ಮನೆಗಳ ಮಹಡಿಯ ಕೋಣೆಗಳು. ಮೆಟ್ಟಿಲು ಏಣಿಯಷ್ಟು ಕಡಿದು, ಮಂಡಿನೋವಿನವರಿಗೆ ಹೇಳಿದ್ದಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಸೆಕೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿಹಾಕುತ್ತದೆ. ನಸುಕಿನಲ್ಲಿ ನಾಲ್ಕೂ ಕಡೆಯ ಮಸೀದಿಗಳಿಂದ ಆಜಾನ್ ಕೇಳುತ್ತದೆ; ನನಗೆ ಅದು ಇಷ್ಟವಾಯಿತು, ರಜೆಯೆಂದರೆ ನಿದ್ದೆ ಎಂದುಕೊಂಡವರಿಗೆ ಆಗಲಿಕ್ಕಿಲ್ಲ. ಮದ್ಯದ ಮಾತೇ ಬೇಡ. ಮೈತುಂಬ ಬಟ್ಟೆ ತೊಡಬೇಕು, ಹೆಂಗಸರ ಫೋಟೋ ಕೇಳದೆ ತೆಗೆಯಬಾರದು. ನಲ್ಲಿ ನೀರನ್ನು ನಂಬುವಂತಿಲ್ಲ: ಹಳದಿ ಜೆರಿಕ್ಯಾನ್ ಹೇರಿದ ತಳ್ಳುಗಾಡಿಗಳು ಗಲ್ಲಿ ಗಲ್ಲಿಗೆ ನೀರು ಮಾರುತ್ತ ಬರುತ್ತವೆ. ನಾನು ಎರಡು ಬಕೆಟ್ ಸ್ನಾನ ಮಾಡುವಾಗ ಆ ಗಾಡಿ ತಳ್ಳುವವನ ಮುಖ ನೆನಪಾಗಿ ಒಂದಕ್ಕೆ ಇಳಿಸಿದೆ. ರಾತ್ರಿ ಹತ್ತರ ನಂತರ ಒಬ್ಬರೇ ಆ ಗಲ್ಲಿಗಳಲ್ಲಿ ಅಡ್ಡಾಡಬೇಡಿ ಎಂದು ಮನೆಯೊಡತಿಯೇ ಹೇಳಿದ್ದಳು. ಸಂಜೆಯ ಆರಾಮ ಅಲ್ಲಿಗೆ ಮುಗಿಯಿತು.

ಬೀಚಿನ ಪಕ್ಷಕ್ಕೆ ಬರೋಣ. ಮೊದಲೇ ಒಪ್ಪಿಬಿಡುತ್ತೇನೆ, ನಾನು ಪೂರ್ವಗ್ರಹ ಕಟ್ಟಿಕೊಂಡೇ ಡಿಯಾನಿಗೆ ಹೋದವನು. ಸಮುದ್ರವೆಂದರೆ ಸಮುದ್ರ, ಮಲ್ಪೆಯಲ್ಲೂ ಅದೇ ಉಪ್ಪು ಎಂಬ ಉಡಾಫೆ. ಅಲ್ಲ. ಇಲ್ಲಿ ದಡದಿಂದ ದೂರದಲ್ಲಿ ಹವಳದ ದಿಬ್ಬವೊಂದು ಗೋಡೆಯಂತೆ ಮಲಗಿದೆ. ದೊಡ್ಡ ಅಲೆಗಳು ಅದಕ್ಕೆ ಬಡಿದು ಅಲ್ಲೇ ಒಡೆಯುತ್ತವೆ. ಒಳಗಿನ ನೀರು ಕೆರೆಯಂತೆ. ನಮ್ಮ ಕರಾವಳಿಯಲ್ಲಿ ಮಕ್ಕಳನ್ನು ಅಲೆಗೆ ಬಿಡಲು ಎದೆ ನಡುಗುತ್ತದೆ. ಅಲ್ಲಿ ಅಜ್ಜಂದಿರೂ ಸೊಂಟದವರೆಗಿನ ನೀರಲ್ಲಿ ನಿಂತು ಹರಟೆ ಹೊಡೆಯುತ್ತಿದ್ದರು. ಹವಳ ಪುಡಿಯಾಗಿ ಆದ ಮರಳು ಹಿಟ್ಟಿನಷ್ಟು ಬಿಳಿ, ಹಿಟ್ಟಿನಷ್ಟೇ ನುಣುಪು.

ಆದರೆ ಆ ನೀರು ಇಡೀ ದಿನ ಅಲ್ಲಿರುವುದಿಲ್ಲ. ಇಳಿತದ ಹೊತ್ತಿಗೆ ಸಮುದ್ರ ಬಹಳ ದೂರ ಸರಿದು, ಪಾಚಿ ಕಲ್ಲುಗಳೂ ಸಣ್ಣ ಹೊಂಡಗಳೂ ಉಳಿಯುತ್ತವೆ. ಈಜಬೇಕೆಂದು ಬಂದವರು ಮುಖ ಗಂಟಿಕ್ಕುತ್ತಾರೆ. ನಡೆಯಬೇಕೆಂದವರಿಗೆ ಅದೇ ಹಬ್ಬ. ರಬ್ಬರ್ ಚಪ್ಪಲಿ ಹಾಕಿಕೊಂಡು ಹೊಂಡದಿಂದ ಹೊಂಡಕ್ಕೆ ಹೋದರೆ ನಕ್ಷತ್ರಮೀನು, ಕಪ್ಪು ಮುಳ್ಳಿನ ಕಡಲಚೆಂಡು. ಮುಟ್ಟಬೇಡಿ, ಎತ್ತಬೇಡಿ; ನೋಡಿದರೆ ಸಾಕು. ಹಾಗಾಗಿ ಬೀಚಿನಲ್ಲಿ ‘ಏನು ಮಾಡೋಣ’ ಎಂಬುದನ್ನು ನಿರ್ಧರಿಸುವುದು ನಾವಲ್ಲ, ಚಂದ್ರ. ಉಬ್ಬರ ಇಳಿತದ ಹೊತ್ತು ಕೇಳದೆ ದೋಣಿಗೆ ದುಡ್ಡು ಕೊಟ್ಟವರು ಮರಳ ಮೇಲೆ ಕೂತು ಕಾಯುವುದನ್ನು ನಾಲ್ಕೂ ದಿನ ಕಂಡೆ. ರಸ್ತೆಬದಿಯಲ್ಲಿ ಇನ್ನೊಂದು ದೃಶ್ಯವಿದೆ: ಕೊಲೊಬಸ್ ಮಂಗಗಳು ವಾಹನಕ್ಕೆ ಸಿಗದಿರಲೆಂದು ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಸೇತುವೆಗಳು. ಲಿಕೋನಿಯಲ್ಲಿ ಮನುಷ್ಯರಿಗೆ ಇಲ್ಲದ ಸೇತುವೆ ಡಿಯಾನಿಯಲ್ಲಿ ಮಂಗನಿಗಿದೆ ಎಂದು ಟುಕ್‌ಟುಕ್ ಚಾಲಕನಿಗೆ ಹೇಳಿದೆ. ಪಾಪ, ನಕ್ಕ.

ಬೀಚಿನ ಮೇಲೆ ನನಗಿರುವ ತಕರಾರು ಬೇರೆ. ಯುರೋಪಿನಿಂದ ತಂಡಗಟ್ಟಲೆ ಬರುವವರಿಗೆಂದು ಕಟ್ಟಿದ ಹೋಟೆಲುಗಳು ಎತ್ತರದ ಕಾಂಪೌಂಡಿನೊಳಗೆ ಮೂರು ಹೊತ್ತಿನ ಊಟ, ಪಾನೀಯ, ರಾತ್ರಿಯ ಕುಣಿತ ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಕೊಡುತ್ತವೆ. ವಾರವಿಡೀ ಗೇಟು ದಾಟದೆ ಇರಬಹುದು. ಅನೇಕರು ಹಾಗೇ ಇರುತ್ತಾರೆ. ದಾಟಿ ಮರಳಿಗೆ ಇಳಿದಿರೋ, ಮಣಿಸರ, ದೋಣಿ, ಒಂಟೆ, ಸಫಾರಿ ಮಾರುವ ಹುಡುಗರು ಹೆಗಲಿಗೆ ಹೆಗಲು ಹಚ್ಚಿ ಬರುತ್ತಾರೆ. ಒಬ್ಬನಿಗೆ ಬೇಡ ಎನ್ನುವಷ್ಟರಲ್ಲಿ ಇನ್ನಿಬ್ಬರು. ಕಿರಿಕಿರಿ ಹೌದು. ಆದರೆ ಎಲ್ಲ ಖರ್ಚೂ ಕಾಂಪೌಂಡಿನೊಳಗೇ ಮುಗಿದರೆ ಹೊರಗಿನವನು ಇನ್ನೇನು ಮಾಡಬೇಕು? ಹಾಗೆಂದು ಹೋಟೆಲುಗಳನ್ನು ಬೈದು ಮುಗಿಸುವಂತೆಯೂ ಇಲ್ಲ; ಅಡುಗೆಯವರು, ಕೋಣೆ ಗುಡಿಸುವವರು, ಕಾವಲಿನ ಅಸ್ಕಾರಿಗಳು, ಮೀನು ತಂದುಕೊಡುವವರು, ಹೀಗೆ ಆ ಸೀಮೆಯ ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಓಲ್ಡ್ ಟೌನಿನ ಮಹಡಿ ಕೋಣೆಯ ಬಾಡಿಗೆ ಒಂದು ಮನೆಗೆ ಸೇರುತ್ತದೆ, ಕಣ್ಣಿಗೆ ಕಾಣುತ್ತದೆ. ಹೋಟೆಲಿನದ್ದು ಹಲವರಿಗೆ ತೆಳ್ಳಗೆ ಹರಡುತ್ತದೆ, ಕಾಣುವುದಿಲ್ಲ.

ನಡುವಿನ ದಾರಿ ನ್ಯಾಲಿ. ಸೇತುವೆ ದಾಟಿದರೆ ಊರು, ಇತ್ತ ತಿರುಗಿದರೆ ಬೀಚು; ಮಾಲು, ಔಷಧಿ ಅಂಗಡಿ, ಲಿಫ್ಟು ಇರುವ ಅಪಾರ್ಟ್‌ಮೆಂಟು. ಎರಡು ದೋಣಿಯಲ್ಲಿ ಕಾಲಿಟ್ಟ ಊರಿಗೆ ತನ್ನದೇ ರುಚಿ ಕಡಿಮೆ. ಆದರೂ ಪಕ್ಕದ ಬಂಬೂರಿಯ ಹಾಲರ್ ಪಾರ್ಕನ್ನು ಬಿಡಬೇಡಿ. ಸಿಮೆಂಟಿಗಾಗಿ ತೋಡಿ ಬರಡಾದ ಕಲ್ಲುಕ್ವಾರಿಯಲ್ಲಿ ರೆನೆ ಹಾಲರ್ ಎಂಬ ಸ್ವಿಸ್ ತಜ್ಞ 1971ರಲ್ಲಿ ಗಾಳಿಮರ ನೆಡಲು ಶುರುಮಾಡಿ ಕಾಡು ಎಬ್ಬಿಸಿದ ಜಾಗ ಅದು. 2004ರ ಸುನಾಮಿಯಲ್ಲಿ ತಾಯಿಯಿಂದ ಬೇರಾದ ನೀರಾನೆ ಮರಿ ಓವನ್, ಎಮ್ಜೀ ಎಂಬ ಮುದಿ ಆಮೆಯನ್ನು ಅಂಟಿಕೊಂಡಿದ್ದು ಇಲ್ಲೇ. ಕ್ವಾರಿಗಳ ನಾಡಿನವರಾದ ನಾವು ಅಲ್ಲಿ ಒಂದು ಬೆಳಗು ಕಳೆಯುವುದು ಒಳ್ಳೆಯದು.

ಯಾವ ದಡ ಎಂದು ಕೇಳುವ ಮುಂಚೆ ಯಾವ ತಿಂಗಳು ಎಂದೂ ಕೇಳಿಕೊಳ್ಳಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೀಸುವುದು ಈಶಾನ್ಯದ ಕಸ್ಕಾಜಿ. ಸಮುದ್ರ ತಿಳಿ, ಸೆಕೆ ವಿಪರೀತ. ಏಪ್ರಿಲಿನಿಂದ ಕೂಸಿ ಗಾಳಿ, ಮೇ ತಿಂಗಳಲ್ಲಿ ಜಡಿಮಳೆ, ದಡದಲ್ಲಿ ರಾಶಿ ಕಡಲಪಾಚಿ. ಅದೇ ಗಾಳಿ ಅರಬ್ಬಿ ಸಮುದ್ರ ದಾಟಿ ಜೂನಿನಲ್ಲಿ ನಮ್ಮ ಕರಾವಳಿಯ ಹೆಂಚಿನ ಮೇಲೆ ಸುರಿಯುತ್ತದೆ. ನಮ್ಮ ಬೇಸಿಗೆ ರಜೆ ನೋಡಿಕೊಂಡು ಮೇ ತಿಂಗಳಲ್ಲಿ ಡಿಯಾನಿಗೆ ಹೋದವರು ಮಳೆ ನೋಡಲು ಮಳೆಗೆ ಮೊದಲೇ ಹೋದ ಹಾಗೆ. ಆಗ ಹೋಗಲೇಬೇಕಾಗಿದ್ದರೆ ಓಲ್ಡ್ ಟೌನೇ ಮೇಲು. ಮಳೆಯಲ್ಲೂ ಬಿರಿಯಾನಿ, ಕಹಾವಾ ಕಾಫಿ ನಿಲ್ಲುವುದಿಲ್ಲ.

ಮುಂದೆ ನಮ್ಮ ಹೊನ್ನಾವರವನ್ನೂ ಮಂಗಳೂರನ್ನೂ ಕಂಡ ಇಬ್ನ್ ಬತೂತಾ 14ನೇ ಶತಮಾನದಲ್ಲಿ ಮೊಂಬಾಸಾಕ್ಕೆ ಬಂದಾಗ ಉಳಿದದ್ದು ಒಂದೇ ರಾತ್ರಿ. ಅಷ್ಟರಲ್ಲೇ ಆತ ಮಸೀದಿಯ ಬಾಗಿಲಲ್ಲಿ ಜನ ಕಾಲು ತೊಳೆಯುವ ಕ್ರಮವನ್ನು ಗಮನಿಸಿ ಬರೆದಿಟ್ಟ. ಆ ಕಣ್ಣು ಎಲ್ಲರಿಗಿಲ್ಲ.

ನನ್ನ ತೀರ್ಪು ಹೀಗೆ. ಐದಾರು ದಿನವಿದ್ದು ಮೆಟ್ಟಿಲು ಹತ್ತುವ ಕಾಲಿದ್ದರೆ ಮೊದಲ ಎರಡು ರಾತ್ರಿ ಓಲ್ಡ್ ಟೌನು, ಉಳಿದದ್ದು ಡಿಯಾನಿ. ಇದನ್ನು ತಿರುಗಿಸಬೇಡಿ, ಏಸಿ ಕೋಣೆಯ ಮೆತ್ತೆಯಿಂದ ಎದ್ದು ಆ ಏಣಿಮೆಟ್ಟಿಲಿಗೆ ಯಾರೂ ಬರುವುದಿಲ್ಲ. ಮಕ್ಕಳು, ಮುದುಕರು ಜೊತೆಗಿದ್ದರೆ ನ್ಯಾಲಿಯಲ್ಲಿ ಬಿಡಾರ ಹೂಡಿ. ಮೂರೇ ದಿನವಾದರೆ ಫೆರಿಯ ಗೊಡವೆಯೇ ಬೇಡ, ದ್ವೀಪದಲ್ಲೇ ಇದ್ದುಬಿಡಿ. ನೈರೋಬಿಯಿಂದ ಬೆಳಗಿನ ರೈಲು ಹಿಡಿಯಿರಿ: ಕಿಟಕಿಯಲ್ಲಿ ತ್ಸಾವೋದ ಆನೆಗಳು ಕಂಡರೂ ಕಾಣಬಹುದು, ಹಗಲಲ್ಲೇ ಇಳಿದು ಮನೆ ಹುಡುಕಬಹುದು. ಮಧ್ಯಾಹ್ನದ ರೈಲಿನವರು ಇಳಿಯುವಾಗ ಕತ್ತಲು, ನಿಲ್ದಾಣವೋ ಊರಾಚೆ. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಇದ್ದರೆ ಮನೆಯಲ್ಲೇ ಬಿಡಿ, ಕೆನ್ಯಾ 2017ರಲ್ಲೇ ನಿಷೇಧಿಸಿದೆ. ಯಾವ ದಡದಲ್ಲಿ ಮಲಗಿದರೂ ಸೊಳ್ಳೆಪರದೆ ಇದೆಯೇ ಎಂದು ಕೇಳಿ, ಕರಾವಳಿಯಲ್ಲಿ ಮಲೇರಿಯಾ ಇದೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಸರ್ಟಿಫಿಕೇಟು ಪಾಸ್‌ಪೋರ್ಟಿನ ಜೊತೆಗಿಡಿ. ಅದಿಲ್ಲದೆ ಹಿಂದಿರುಗಿದರೆ ಕೊನೆಯ ಕೆಲವು ರಾತ್ರಿ ಎಲ್ಲಿ ಉಳಿಯಬೇಕೆಂಬುದನ್ನು ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ನಿರ್ಧರಿಸುತ್ತಾರೆ.