ಹಾಡುಗಾರರು ಹೇಳಿದರೆ ಸಮಾಜ ಬದಲಾಗುತ್ತದೆಯೇ? ಫಾರ್ವರ್ಡ್ ಒತ್ತುವ ಮುನ್ನ ಇದನ್ನು ಓದಿ

ಅಕ್ಟೋಬರ್ 29 ಹತ್ತಿರವಾದರೆ ಹೊಸಪೇಟೆಯ ಮೊಬೈಲುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. 45 ಉಚಿತ ಶಾಲೆ, 26 ಅನಾಥಾಶ್ರಮ, 16 ವೃದ್ಧಾಶ್ರಮ, 19 ಗೋಶಾಲೆ, 1800 ಮಕ್ಕಳ ಓದಿನ ಖರ್ಚು. ಮೇಲೆ ಪುನೀತ್ ರಾಜ್‌ಕುಮಾರ್ ನಗುತ್ತಿರುವ ಚಿತ್ರ, ಕೆಳಗೆ ‘ನಿಜವಾದ ಅಭಿಮಾನಿಯಾದರೆ ಎಲ್ಲಾ ಗ್ರೂಪಿಗೂ ಕಳಿಸಿ’ ಎಂಬ ಸಾಲು. ಚಿತ್ತವಾಡ್ಗಿಯ ಒಂದು ಗ್ರೂಪಿನಲ್ಲಿ ಇದರ ಬೆನ್ನಿಗೇ ಇನ್ನೊಂದು ಮೆಸೇಜು ಬಂತು: ಹಾಡುವವರು ಹಾಡಿಕೊಂಡಿರಲಿ, ಸಮಾಜ ತಿದ್ದುವ ಕೆಲಸ ಇವರಿಗ್ಯಾಕೆ? ಎರಡನ್ನೂ ಕಳಿಸಿದವರು ಒಬ್ಬರೇ ಎಂಬುದು ಬೇರೆ ಮಾತು.

ಮೊದಲು ಪಟ್ಟಿಯನ್ನೇ ನೋಡೋಣ. ನಾವು ನೋಡಿದ ಯಾವ ಪಟ್ಟಿಯಲ್ಲೂ ಒಂದು ಶಾಲೆಯ ಹೆಸರಾಗಲಿ, ಅದಿರುವ ಊರಾಗಲಿ ಇರಲಿಲ್ಲ. ಬರೀ ಅಂಕಿಗಳು. ಹೆಸರು, ಊರು ಇದ್ದರೆ ಯಾರು ಬೇಕಾದರೂ ಹೋಗಿ ನೋಡಬಹುದು. ಇಲ್ಲದಿದ್ದರೆ ಒಪ್ಪುವುದಕ್ಕೂ ಆಗದು, ಅಲ್ಲಗಳೆಯುವುದಕ್ಕೂ ಆಗದು. ಅದೇ ಕುಟುಂಬ ಜೊತೆ ನಿಂತ ಮೈಸೂರಿನ ಶಕ್ತಿಧಾಮಕ್ಕೆ ಹೆಸರಿದೆ, ವಿಳಾಸವಿದೆ, ಅಲ್ಲಿ ಆಸರೆ ಪಡೆದ ಹೆಣ್ಣುಮಕ್ಕಳಿದ್ದಾರೆ. ಆದರೆ ಫಾರ್ವರ್ಡುಗಳಲ್ಲಿ ಶಕ್ತಿಧಾಮಕ್ಕಿಂತ ಗೋಶಾಲೆಗಳ ಸಂಖ್ಯೆಯೇ ಹೆಚ್ಚು ಓಡುತ್ತದೆ.

ಪಟ್ಟಿಯಲ್ಲಿ ಇಲ್ಲದ, ಆದರೆ ಖಚಿತವಾಗಿ ನಡೆದ ಸಂಗತಿ ಇನ್ನೊಂದಿದೆ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಆರಂಭವಾದಾಗ, ತಮ್ಮ ಕಣ್ಣುಗಳನ್ನು ಕೊಡುವುದಾಗಿ ಅವರು ಹೇಳಿದ್ದರು. 2006ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಆ ಮಾತು ನಡೆಯಿತು. 2021ರಲ್ಲಿ ಮಗನ ಕಣ್ಣುಗಳೂ ಹಾಗೆಯೇ ಹೋದವು, ನಾಲ್ವರಿಗೆ.

ಎರಡು ಕಣ್ಣು ನಾಲ್ವರಿಗೆ ಹೇಗೆ? ಆಗ ಇದನ್ನೂ ಸುಳ್ಳು ಸುದ್ದಿ ಎಂದುಕೊಂಡವರಿದ್ದರು. ಕಣ್ಣುದಾನ ಎಂದರೆ ಇಡೀ ಗುಡ್ಡೆಯನ್ನು ಇನ್ನೊಬ್ಬರಿಗೆ ಕೂರಿಸುವುದಲ್ಲ. ಬಳಸುವುದು ಮುಖ್ಯವಾಗಿ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದಲ್ಲಿ ವಾಚಿನ ಗಾಜಿನ ಹಾಗೆ ಇರುವ ಪಾರದರ್ಶಕ ಭಾಗವನ್ನು. ಅದು ಹಲವು ಪದರಗಳಿಂದ ಆಗಿದೆ. ಕೆಲವರಿಗೆ ಹೊರಗಿನ ಪದರ ಹಾಳಾಗಿರುತ್ತದೆ, ಕೆಲವರಿಗೆ ಒಳಗಿನದು. ವೈದ್ಯರು ಒಂದೊಂದು ಕಾರ್ನಿಯಾವನ್ನೂ ಸೀಳಿ, ಹೊರಪದರವನ್ನು ಒಬ್ಬರಿಗೆ, ಒಳಪದರವನ್ನು ಮತ್ತೊಬ್ಬರಿಗೆ ಜೋಡಿಸಿದರು.

ಮುಂದಿನ ವಾರಗಳಲ್ಲಿ ಹೆಸರು ನೋಂದಾಯಿಸುವವರೂ, ನಿಜವಾಗಿ ಕಣ್ಣು ಕೊಟ್ಟ ಕುಟುಂಬಗಳೂ ಹೆಚ್ಚಾದವು ಎಂದು ಅಲ್ಲಿನ ವೈದ್ಯರೇ ಹೇಳಿದರು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆ ಎಂಬ ಭಯಕ್ಕೆ ಆಸ್ಪತ್ರೆಯ ಕರಪತ್ರ ಉತ್ತರ ಕೊಡಲಾರದು. ‘ಅಪ್ಪುನೇ ಕೊಟ್ಟ’ ಎಂಬ ಎರಡು ಪದ ಕೊಡಬಲ್ಲದು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಂವಹನ ಓದಿದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು, ರೇಡಿಯೊ ಟಿವಿಯಲ್ಲಿ ಬರುವವರ ಜೊತೆ ಜನ ಬೆಳೆಸಿಕೊಳ್ಳುವ ಒಮ್ಮುಖ ನಂಟಿನ ಬಗ್ಗೆ ಬರೆದರು. ಅವರಿಗೆ ನಮ್ಮ ಪರಿಚಯವಿಲ್ಲ, ನಮಗೆ ಅವರು ಮನೆಯವರೇ. ಪ್ರತಿಮೆ ನಿಲ್ಲಿಸಿದ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರಿಚಯವೇ ಇಲ್ಲದ ಒಬ್ಬರನ್ನು ಲಕ್ಷಾಂತರ ಜನ ಮನೆಯ ಅಡ್ಡಹೆಸರಿನಿಂದಲೇ ಕರೆಯುತ್ತಾರಲ್ಲ, ಅದೇ.

ಆದರೆ ಈ ನಂಟು ಎಲ್ಲದಕ್ಕೂ ಸಾಲುವುದಿಲ್ಲ. ಕಣ್ಣುದಾನದಲ್ಲಿ ಮಾಡಬೇಕಾದ ಕೆಲಸ ಒಂದೇ, ಅದು ಸ್ಪಷ್ಟ, ಮಾಡಿಸಿಕೊಳ್ಳುವ ವ್ಯವಸ್ಥೆ ಮೊದಲೇ ತಯಾರಿದೆ. ಹಾಗಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯನ್ನು ನೋಡಬೇಕು.

ಮಂಜಮ್ಮ ಜೋಗತಿ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ, ಹುಡುಗನಾಗಿ. ತಾನು ಹೆಣ್ಣು ಎಂದು ತಿಳಿಯುತ್ತಾ ಬಂದಾಗ, ಮನೆಯವರು ಹೊಳೆಯಾಚೆಯ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಜೋಗತಿಯಾಗಿಸಿದರು. ಆಮೇಲೆ ಮನೆ ಬಿಟ್ಟರು, ಭಿಕ್ಷೆ ಬೇಡಿದರು. ಕಾಳವ್ವ ಜೋಗತಿ ಅವರಿಂದ ಎಲ್ಲಮ್ಮನ ಹಾಡು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ಕಲಿತರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನವೆಂಬರ್‌ನಲ್ಲಿ ಪ್ರಶಸ್ತಿ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ.

ಅದರ ಜೊತೆ ಒಂದು ಕಥೆಯೂ ಬೆಳೆಯಿತು: ಮಂಜಮ್ಮನವರಿಂದಾಗಿ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ನೌಕರಿಯಲ್ಲಿ ಮೀಸಲಾತಿ ಕೊಟ್ಟಿತು ಎಂದು. ಮೀಸಲಾತಿ ಬಂದದ್ದು ನಿಜ. 2021ರ ಜುಲೈನಲ್ಲಿ ಕರ್ನಾಟಕ ತನ್ನ ನೇಮಕಾತಿ ನಿಯಮ ತಿದ್ದಿ ಶೇ. 1ರಷ್ಟು ಮೀಸಲಿಟ್ಟಿತು, ದೇಶದಲ್ಲೇ ಮೊದಲು. ಆದರೆ ಅದರ ದಾರಿ ಬೇರೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳ ಅಧಿಸೂಚನೆಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಆಯ್ಕೆ ಇದ್ದದ್ದನ್ನು ‘ಸಂಗಮ’ ಸಂಸ್ಥೆ ಹೈಕೋರ್ಟಿನಲ್ಲಿ ಪ್ರಶ್ನಿಸಿತ್ತು. ‘ಜೀವ’ ಎಂಬ ಇನ್ನೊಂದು ಸಂಸ್ಥೆ ಜೊತೆ ಸೇರಿತು. ನಿಯಮ ತಿದ್ದಿದ್ದು ಆ ಮೊಕದ್ದಮೆಯ ಫಲ.

ಹಾಗಾದರೆ ಮಂಜಮ್ಮನವರ ಹಾಡಿನಿಂದ ಏನೂ ಆಗಲಿಲ್ಲವೇ? ಹಾಗಲ್ಲ. ಮನೆಯಿಂದ ಹೊರಬಿದ್ದ ಮಗುವಿನ ಮುಂದೆ ಭಿಕ್ಷೆಯಲ್ಲದೆ ಬೇರೆ ಚಿತ್ರವೂ ಇದೆ ಎಂದಾಯಿತು. ‘ನಮ್ಮ ಜಿಲ್ಲೆಯ ಮಂಜಮ್ಮ’ ಎಂದು ಅದೇ ಮನೆಗಳು ಹೇಳಿಕೊಳ್ಳುವಂತಾಯಿತು. ಕೋರ್ಟಿನ ಆದೇಶ ಇದನ್ನು ಮಾಡಲಾರದು. ಹಾಡು ಕೂಡ ನೇಮಕಾತಿ ನಿಯಮವನ್ನು ತಿದ್ದಲಾರದು. ಇಡೀ ಶ್ರೇಯಸ್ಸನ್ನು ಒಬ್ಬ ಪ್ರಸಿದ್ಧರ ತಲೆಗೆ ಕಟ್ಟುವ ಫಾರ್ವರ್ಡು, ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಮರೆಸುತ್ತದೆ ಎಂಬುದೇ ನಮ್ಮ ತಕರಾರು.

ಇನ್ನು ದುಡ್ಡಿನ ವಿಷಯ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಕಛೇರಿ ನಡೆಸಿದರು. ಟಿಕೆಟಿನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಸೇರಿತು. ಆದರೆ ಆಲ್ಬಮ್ ಮತ್ತು ಸಿನಿಮಾದಿಂದ ಬಂದ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಮೊದಲೇ ದತ್ತಿ ಕಾರ್ಯಕ್ರಮವೆಂದು ಸರಿಯಾಗಿ ನೋಂದಾಯಿಸಿರಲಿಲ್ಲ, ಅಷ್ಟೇ. ಯಾರ ಪ್ರಾಮಾಣಿಕತೆಯೂ ಇಲ್ಲಿ ಪ್ರಶ್ನೆಯಲ್ಲ. ಅಂಥವರ ದುಡ್ಡೇ ಹೀಗೆ ಸಿಕ್ಕಿಬಿದ್ದಿದ್ದರೆ, ಗಾಯಕರೊಬ್ಬರ ಫೋಟೊ ಕೆಳಗೆ ಕ್ಯೂಆರ್ ಕೋಡ್ ಹಾಕಿ ‘ಈ ಮಗುವಿನ ಆಪರೇಷನ್‌ಗೆ ಇವರೇ ಕೇಳಿಕೊಂಡಿದ್ದಾರೆ’ ಎಂದು ಬರುವ ಮೆಸೇಜಿನ ಬಗ್ಗೆ ಎಷ್ಟು ಎಚ್ಚರ ಬೇಕು, ಯೋಚಿಸಿ. ಆ ಗಾಯಕರ ಸ್ವಂತ ಖಾತೆಯಲ್ಲಿ ಆ ಮನವಿ ಇದೆಯೇ, ದುಡ್ಡು ಹೋಗುವುದು ಆಸ್ಪತ್ರೆಯ ಖಾತೆಗೋ ಯಾರದೋ ಫೋನ್ ನಂಬರಿಗೋ ಎಂದು ನೋಡಲು ಎರಡು ನಿಮಿಷ ಸಾಕು.

‘ಹಾಡುವವರಿಗ್ಯಾಕೆ ಸಮಾಜ’ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಓದು ಬರಹವಿಲ್ಲದೆ ಕುಮಾರರಾಮನ ಕಥೆಯಂಥ ದೊಡ್ಡ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡು ಹಾಡಿದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದವರು. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದ ಹೆಸರು ಎಷ್ಟೋ ಜನರಿಗೆ ಗೊತ್ತಾದದ್ದೇ ಅವರಿಂದ. ನಮ್ಮ ಭಾಗದಲ್ಲಿ ಹಾಡು ಬೇರೆ, ಜನರ ವಿಷಯ ಬೇರೆ ಎಂದು ಯಾರೂ ಗೆರೆ ಎಳೆದಿರಲಿಲ್ಲ.

ಚಿತ್ತವಾಡ್ಗಿಯ ಆ ಗ್ರೂಪಿಗೆ ನಾವು ಕೊನೆಗೆ ಕಳಿಸಿದ್ದು ಇಷ್ಟು: ಅಪ್ಪು ಹೆಸರಿನಲ್ಲಿ ಏನಾದರೂ ಹಂಚಬೇಕು ಅನಿಸಿದರೆ ಇದನ್ನು ಹಂಚಿ. ನೋಂದಣಿ ಮಾಡಿದ್ದರಷ್ಟೇ ಸಾಲದು, ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು, ಅದಕ್ಕೆ ಇವತ್ತೇ ಅವರಿಗೆ ಹೇಳಿಡಿ. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ನೇತ್ರ ಬ್ಯಾಂಕಿಗೆ ತಡಮಾಡದೆ ಫೋನ್ ಮಾಡಿ. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಆರಿಸಿ. ಅವರೇ ಮನೆಗೆ ಬರುತ್ತಾರೆ, ಅರ್ಧ ಗಂಟೆಯೊಳಗಿನ ಕೆಲಸ, ಮುಖ ವಿಕಾರವಾಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು ಕೇಳಿದರು: ‘ನನಗೆ ಶುಗರ್ ಇದೆ, ಕನ್ನಡಕ ಬೇರೆ. ನಂದು ತಗೊಂತಾರೇನ್ರಿ?’

ತಗೊಳ್ತಾರೆ ಸರ್, ಎಂದು ಉತ್ತರಿಸಿದೆವು.